ಕೆರಿ ಮೀನು ಯಾರದು?

ಹೋದ ಭಾನುವಾರ ಖಾಸಬಾಗದ ಸಂತ್ಯಾಗ ಕಾಯಿಪಲ್ಯ ಆರಿಸುತ್ತಾ ನಿಂತಿದ್ದೆ. ಪಕ್ಕದ ಅಜ್ಜಿಯೊಬ್ಬರು "ಕೆರಿ ಮೀನು ಈಗ ಮೊದಲಿನ್ಹಂಗ ರುಚಿ ಇಲ್ಲವಾ" ಅಂದರು. ನನಗೆ ತವರಿನ ಕೆರೆ ನೆನಪಾಯಿತು.

ಕೆರಿ ಮೀನು ಅಂದ್ರ ಬಡವರ ಊಟ ಅಂತ ಮೂಗು ಮುರಿಯೋರು ಇದ್ದಾರೆ. ಆದರೆ ನಮ್ಮ ಕಲ್ಯಾಣ ಚಾಲುಕ್ಯರ ಅರಸ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ನೂರು ಅಧ್ಯಾಯದ ಗ್ರಂಥ ಮಾಡಿದ. ಅದರೊಳಗೆ ‘ಮತ್ಸ್ಯವಿನೋದ’ ಅಂತ ಒಂದು ಭಾಗವೇ ಐತಿ! ಗಾಳದ ಕೋಲು ಹೆಂಗಿರಬೇಕು, ದಾರ ಎಂಥದು, ಮೀನಿಗೆ ಏನು ತಿನ್ನಿಸಬೇಕು ಎಲ್ಲಾ ಹೇಳ್ಯಾನ. ಅಡುಗೆಯ ಭಾಗದಲ್ಲಿ ಮೀನಿನ ಅಡುಗೆಯೂ ಬರುತ್ತದೆ. ರಾಜ್ಯ ಆಳೋದರ ನಡುವೆ ಇಷ್ಟಕ್ಕೆಲ್ಲಾ ಪುರುಸೊತ್ತು ಹೆಂಗ ಸಿಕ್ಕಿತೋ!

ಅದೇ ಕಾಲಕ್ಕೆ ಯುರೋಪಿನಲ್ಲಿ ಜಮೀನುದಾರರು, ಮಠದ ಸನ್ಯಾಸಿಗಳು ಮೀನಿಗಂತಲೇ ಕೊಳ ತೋಡಿಸುತ್ತಿದ್ದರು. ಶುಕ್ರವಾರ, ಉಪವಾಸದ ದಿನ ಮಾಂಸ ತಿನ್ನುವಂತಿರಲಿಲ್ಲ, ಮೀನು ನಡೀತಿತ್ತು. ಕೊಳ ಒಡೆಯನದು, ಊರವರು ಕದ್ದು ಹಿಡಿದರೆ ದಂಡ. ನಮ್ಮಲ್ಲಿ ಕೆರೆ ಕಟ್ಟಿಸಿದ್ದು ಗದ್ದೆಗೆ. ಅದರ ದುರಸ್ತಿಗೆ ‘ಬಿತ್ತುವಟ್ಟ’ ಅಂತ ದತ್ತಿ ಬಿಡುತ್ತಿದ್ದುದು ಶಾಸನಗಳಲ್ಲಿ ಸಿಗುತ್ತದೆ. ಮೀನು ಮೇಲಿನ ಲಾಭ. ಮಲೆನಾಡಿನ ಸೊರಬ, ಸಾಗರದ ಕಡೆ ಬೇಸಿಗೆಯಲ್ಲಿ ನೀರು ಇಳಿದಾಗ ಊರವರೆಲ್ಲ ಕೂಣಿ ಹಿಡಿದು ಇಳಿಯುವ ‘ಕೆರೆಬೇಟೆ’ ಇವತ್ತಿಗೂ ಐತಿ.

ನನ್ನ ತವರು ಖಾನಾಪುರದ ಕಡೆ. ಅಲ್ಲಿ ಈಗ ಕೆರೆಯ ಮೀನು ಹರಾಜು. ಗುತ್ತಿಗೆ ಹಿಡಿದವರು ರೋಹು, ಕಾಟ್ಲಾ ಮರಿ ಬಿಡ್ತಾರ. ಅದು ತಪ್ಪಲ್ಲ, ಊರಿಗೆ ನಾಲ್ಕು ಕಾಸು ಬರ್ತದ. ಆದರೆ ಹೋದ ವರ್ಷ ಭತ್ತ ತೆನೆ ಬಿಡೋ ಹೊತ್ತಿಗೆ ಮಳೆ ಕೈಕೊಟ್ಟಿತು. ಅಣ್ಣ ತೂಬು ತೆಗೀರಿ ಅಂದ್ರ, "ನೀರು ಇಳಿದ್ರ ನಮ್ಮ ಮೀನು ಸಾಯ್ತಾವು" ಅಂತ ಗುತ್ತಿಗೆದಾರರು ಅಡ್ಡ ನಿಂತರು. ಜಗಳ ಮುಗಿಯೋದರೊಳಗ ಎಂಟು ದಿನ ಹೋಯಿತು. ಅಣ್ಣನ ಗದ್ದೆಯಲ್ಲಿ ಅರ್ಧ ಜೊಳ್ಳು. ಗುತ್ತಿಗೆಯವರೂ ಸಾಲ ಮಾಡಿಯೇ ಮರಿ ಬಿಟ್ಟಿದ್ದರು, ಅವರನ್ನಷ್ಟೇ ಹೆಂಗ ಬೈಯೋದು?

ಮೊನ್ನೆ ಫೋನಿನಲ್ಲಿ ಅಣ್ಣನಿಗೆ ಹೇಳಿದೆ: ಹರಾಜಿಗೆ ಮೊದಲೇ, ಗದ್ದೆಗೆ ನೀರು ಯಾವಾಗ, ಎಷ್ಟು ಬಿಡಬೇಕು ಅಂತ ಕರಾರಿನಲ್ಲಿ ಬರೆಸಿರಿ. ಸೋಮೇಶ್ವರನ ಕಥೆಯನ್ನೂ ಹೇಳಿದೆ.

"ಹಂಗಾದ್ರ ಗ್ರಾಮಸಭೆಗೆ ನಿನ್ನ ಅರಸನ್ನೂ ಕರ್ಕೊಂಡು ಬಾ" ಅಂತ ನಕ್ಕ. ಸಭೆ ಮುಂದಿನ ವಾರ ಐತಿ. ನಾನೂ ಹೊಂಟೀನಿ.