ಮುಖ ನೋಡಿ ಮಣೆ ಹಾಕುವ ಶ್ರಾವಕರು

ಇರುವೆಯ ಸಾಲು ಕಂಡರೆ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಜೈನ ಮನೆಯ ಮಗುವಿಗೆ ನಡೆಯಲು ಕಲಿತ ದಿನದಿಂದಲೇ ಹೇಳಿಕೊಡಲಾಗುತ್ತದೆ. ನೀರನ್ನು ಸೋಸಿ ಕುಡಿಯಬೇಕು, ಸೂರ್ಯಾಸ್ತಕ್ಕೆ ಮುನ್ನ ಉಣ್ಣಬೇಕು, ಗಡ್ಡೆಗೆಣಸು ಮುಟ್ಟಬಾರದು ಎಂಬ ನಿಯಮಗಳನ್ನು ಆ ಮಗು ಅಕ್ಷರಾಭ್ಯಾಸಕ್ಕೆ ಮೊದಲೇ ಬಲ್ಲದು. ಅದೇ ಮಗು ಪಾಠಶಾಲೆಯ ಪಡಸಾಲೆಯಲ್ಲಿ, ಮೇಲ್ದುಟಿಯ ಮೇಲೆ ಹೊಲಿಗೆಯ ಗುರುತಿರುವ ಸಹಪಾಠಿಯನ್ನು ‘ಮೊಲದ ತುಟಿ’ ಎಂದು ಕೂಗಿ ಕರೆದರೆ, ಸುತ್ತ ಕುಳಿತ ಹಿರಿಯರು ‘ಹುಡುಗರ ತಮಾಷೆ’ ಎಂದು ಸುಮ್ಮನಾಗುತ್ತಾರೆ. ಏಕೇಂದ್ರಿಯ ಜೀವದ ನೋವನ್ನೂ ಲೆಕ್ಕಕ್ಕೆ ಹಿಡಿಯುವ ಸಮಾಜವು ಎದುರಿಗೆ ನಿಂತ ಪಂಚೇಂದ್ರಿಯ ಮನುಷ್ಯನ ನೋವನ್ನು ಲೆಕ್ಕದಿಂದ ಬಿಟ್ಟುಬಿಟ್ಟರೆ, ಆ ಅಹಿಂಸೆಯ ಲೆಕ್ಕಪುಸ್ತಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ.

ಸೀಳುತುಟಿಯೊಡನೆ ಹುಟ್ಟಿದವರು, ಬೆಂಕಿಯಿಂದಲೋ ಆಮ್ಲದಿಂದಲೋ ಮುಖ ಸುಟ್ಟವರು, ತೊನ್ನು ಇರುವವರು, ಮುಖದ ಅರ್ಧವನ್ನು ಆವರಿಸಿದ ಮಚ್ಚೆಯುಳ್ಳವರು, ಇವರೆಲ್ಲರೂ ಚಿಕ್ಕಪೇಟೆಗೆ ಅಪರಿಚಿತರಲ್ಲ. 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆ ಈ ಪೇಟೆಯಿಂದ ಕಾಲ್ನಡಿಗೆಯ ದೂರದಲ್ಲಿದೆ. ಸುಟ್ಟಗಾಯಗಳ ಚಿಕಿತ್ಸೆಗೆಂದೇ ಅಲ್ಲಿ ಮಹಾಬೋಧಿ ಹೆಸರಿನ ವಿಭಾಗವಿದೆ. ಅಲ್ಲಿಂದ ಜೀವ ಉಳಿಸಿಕೊಂಡು ಹೊರಬಂದವರು ಅವೆನ್ಯೂ ರಸ್ತೆಯಲ್ಲಿ, ಮಾಮೂಲುಪೇಟೆಯಲ್ಲಿ, ಸೀರೆ ಅಂಗಡಿಗಳ ಸಾಲಿನಲ್ಲಿ ಕೆಲಸ ಕೇಳುತ್ತ ನಡೆಯುವುದುಂಟು. ಅಂಥವರಿಗೆ ಕೆಲಸ ಸಿಕ್ಕರೂ ಅದು ಹಿಂಬದಿಯ ಗೋದಾಮಿನಲ್ಲಿ ಮಾತ್ರ. ಗಿರಾಕಿಯ ಮುಂದೆ ಸೀರೆ ಬಿಡಿಸಿ ತೋರಿಸುವ ಜಾಗದಲ್ಲಿ ಅಲ್ಲ. ‘ಮದುವೆ ಜವಳಿಗೆ ಬಂದವರು ಅಪಶಕುನವೆಂದುಕೊಂಡಾರು’ ಎಂಬುದು ಅದಕ್ಕೆ ಕೊಡುವ ಕಾರಣ. ರಜೆಯ ದಿನ ಗಲ್ಲಾದ ಪಕ್ಕದಲ್ಲಿ ಕುಳಿತ ಮಾಲೀಕರ ಮಗ ಇದನ್ನು ನೋಡುತ್ತಾನೆ. ಯಾವ ಮುಖಕ್ಕೆ ಎಲ್ಲಿ ಜಾಗ ಎಂಬ ಪಾಠವನ್ನು ಅವನು ಕಲಿಯುವುದು ಅಲ್ಲಿ.

ಸಮಾಜದ ಔದಾರ್ಯದಲ್ಲಿ ಕೊರತೆಯಿಲ್ಲ ಎಂಬುದನ್ನು ಒಪ್ಪಲೇಬೇಕು. ವಸಂತನಗರದ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿ ಸೀಳುತುಟಿಯ ಮಕ್ಕಳಿಗೆ ಶಸ್ತ್ರಚಿಕಿತ್ಸೆಗಳು ನಡೆದಿವೆ. ಧರ್ಮಸ್ಥಳದ ಹೆಗ್ಗಡೆ ಮನೆತನದ ಆಶ್ರಯದಲ್ಲಿ 1986ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಎಸ್.ಡಿ.ಎಂ. ದಂತ ವೈದ್ಯಕೀಯ ಕಾಲೇಜಿನಲ್ಲಿ ತಲೆಬುರುಡೆ ಮತ್ತು ಮುಖದ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. ಉತ್ತರ ಕರ್ನಾಟಕದ ಬಡ ಕುಟುಂಬಗಳ ಮಕ್ಕಳು ಅಲ್ಲಿ ಹೊಸ ತುಟಿಯೊಡನೆ ಮನೆಗೆ ಮರಳಿದ್ದಾರೆ. ದಾನಿಗಳ ಹೆಸರು ಶಿಲಾಫಲಕಗಳಲ್ಲಿ ಶಾಶ್ವತವಾಗಿವೆ. ಆದರೆ ಶಸ್ತ್ರವೈದ್ಯರು ಒಂದು ಗಂಟೆಯಲ್ಲಿ ಹೊಲಿದ ತುಟಿಯ ಮಾಲೀಕನು ಮುಂದಿನ ಅರುವತ್ತು ವರ್ಷ ಬಾಳಬೇಕಾದುದು ದಾನಿಗಳ ಮಕ್ಕಳು ಮೊಮ್ಮಕ್ಕಳ ನಡುವೆ. ಚಿಕಿತ್ಸೆಗೆ ಹಣ ಕೊಟ್ಟ ಮನೆಯಲ್ಲೇ ಆ ಮುಖಕ್ಕೆ ಅಡ್ಡಹೆಸರು ಹುಟ್ಟುವುದಾದರೆ, ಒಂದು ಕೈಯಿಂದ ಜಮಾ ಮಾಡಿದ್ದನ್ನು ಇನ್ನೊಂದು ಕೈಯಿಂದ ಖರ್ಚು ಬರೆದಂತಾಯಿತು.

ಈ ಉಪೇಕ್ಷೆಗೆ ಕರ್ಮಸಿದ್ಧಾಂತವನ್ನೇ ಸಮರ್ಥನೆಯಾಗಿ ತರುವವರಿದ್ದಾರೆ. ‘ಪೂರ್ವಾರ್ಜಿತ, ಅನುಭವಿಸಲೇಬೇಕು’ ಎಂಬ ಮಾತು ಮಕ್ಕಳ ಕಿವಿಗೂ ಬೀಳುತ್ತದೆ. ಇದು ಅರ್ಧ ಓದಿದವರ ಸಿದ್ಧಾಂತ. ಅಷ್ಟಕರ್ಮಗಳಲ್ಲಿ ದೇಹದ ಆಕಾರ, ವರ್ಣ, ಅಂಗೋಪಾಂಗಗಳಿಗೆ ಕಾರಣವಾದುದು ನಾಮಕರ್ಮ. ಅದು ಅಘಾತಿ, ಆತ್ಮನ ಜ್ಞಾನ, ದರ್ಶನ, ಸುಖ, ವೀರ್ಯಗಳಲ್ಲಿ ಒಂದನ್ನೂ ಅದು ಘಾತಿಸಲಾರದು. ಇನ್ನು ಆ ಮುಖವನ್ನು ಕಂಡು ನಗುವವನ, ಮುಖ ಸಿಂಡರಿಸುವವನ ಗತಿಯೇನು? ಹಾಸ್ಯ, ಭಯ, ಜುಗುಪ್ಸೆ ಇವು ಒಂಬತ್ತು ನೋಕಷಾಯಗಳಲ್ಲಿ ಸೇರಿದವು, ಅವುಗಳ ಮೂಲ ಚಾರಿತ್ರಮೋಹನೀಯ, ಅದು ಘಾತಿ. ಎಂದ ಮೇಲೆ ಕಲೆಯಿರುವುದು ಒಬ್ಬನ ಚರ್ಮದ ಮೇಲೆ, ಆವರಣವಿರುವುದು ಇನ್ನೊಬ್ಬನ ಆತ್ಮದ ಮೇಲೆ. ಮನೋವಾಕ್ಕಾಯಗಳ ವಕ್ರತೆಯೇ ಅಶುಭ ನಾಮಕರ್ಮದ ಬಂಧಕ್ಕೆ ಕಾರಣವೆಂದೂ, ಪರನಿಂದೆ ನೀಚಗೋತ್ರಕ್ಕೆ ಕಾರಣವೆಂದೂ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ತಿಳಿಸುತ್ತದೆ. ಪರರ ವಿಕೃತಿಯನ್ನು ಎತ್ತಿ ಆಡುವವನು ತನ್ನ ಖಾತೆಗೆ ಏನನ್ನು ಬರೆದುಕೊಳ್ಳುತ್ತಿದ್ದಾನೆಂಬುದನ್ನು ಮೊದಲು ನೋಡಿಕೊಳ್ಳಲಿ. ಕರ್ಮಸಿದ್ಧಾಂತವಿರುವುದು ಸ್ವಂತ ದೋಷವನ್ನು ತಿದ್ದಿಕೊಳ್ಳಲಿಕ್ಕೆ. ನೆರೆಯವನ ಮೇಲೆ ತೀರ್ಪು ಬರೆಯಲಿಕ್ಕಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದ ಕರ್ಮಕಾಂಡವನ್ನು ಬಲ್ಲವರಿಗೆ ಆರು ಸಂಸ್ಥಾನಗಳ ವಿಷಯ ಹೊಸದಲ್ಲ. ಸಮಚತುರಸ್ರದಿಂದ ಹಿಡಿದು, ಅಂಗಗಳೆಲ್ಲ ವಿಕಾರವಾಗಿರುವ ಹುಂಡಕದವರೆಗೆ ಆರರ ಉದಯವೂ ಹದಿಮೂರನೆಯ ಗುಣಸ್ಥಾನದವರೆಗೆ ಸಾಧ್ಯ. ಅಂದರೆ ಹುಂಡಕ ದೇಹದಲ್ಲಿಯೂ ಕೇವಲಜ್ಞಾನ ಉದಿಸಬಲ್ಲದು. ಕೇವಲಜ್ಞಾನಕ್ಕೆ ಅಡ್ಡಿಯಾಗದ ಮುಖವು ಮಂಗಲಕಲಶ ಹೊರುವ ಬಾಲಿಕೆಯರ ಸಾಲಿನಲ್ಲಿ ನಿಲ್ಲಲು ಅಡ್ಡಿಯಾಗುವುದು ಯಾವ ಆಗಮದ ಆಧಾರದಿಂದ? ದೀಕ್ಷೆಗೆ ದೇಹದ ಯೋಗ್ಯತೆಯ ನಿಯಮಗಳಿಲ್ಲವೇ ಎಂದು ಕೆಲವರು ಕೇಳಬಹುದು. ಅವು ಮಹಾವ್ರತದ ಕಠಿನ ಚರ್ಯೆಗೆ ಸಂಬಂಧಿಸಿದವು. ಆರತಿಯ ತಟ್ಟೆ ಹಿಡಿಯುವ ಏಳು ವರ್ಷದ ಹುಡುಗಿಗೆ ಅವುಗಳನ್ನು ಅನ್ವಯಿಸುವುದು ಶಾಸ್ತ್ರವಲ್ಲ, ಸಬೂಬು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಮೂರನೆಯ ಅಂಗವಾಗಿ ನಿರ್ವಿಚಿಕಿತ್ಸೆಯನ್ನು ಹೇಳಿ, ಅದಕ್ಕೆ ಉದ್ದಾಯನ ರಾಜನನ್ನು ಉದಾಹರಿಸಿದ್ದಾರೆ. ರೋಗದಿಂದ ದುರ್ಗಂಧ ಬೀರುತ್ತಿದ್ದ ಮುನಿಯನ್ನು ಅಸಹ್ಯಪಡದೆ ತನ್ನ ಕೈಯಿಂದ ಶುಚಿಗೊಳಿಸಿದವನು ಆ ರಾಜ. ಅದು ಮುನಿಗಳ ದೇಹದ ವಿಷಯವಷ್ಟೇ ಎಂದು ವಾದಿಸುವವರು ಅಲ್ಲಿ ಕೊಟ್ಟ ಕಾರಣವನ್ನು ಗಮನಿಸಬೇಕು: ದೇಹವು ಸ್ವಭಾವದಿಂದಲೇ ಅಶುಚಿ, ಪ್ರೀತಿ ಇರಬೇಕಾದುದು ಗುಣದಲ್ಲಿ. ಇದು ಸುಂದರ ದೇಹಕ್ಕೂ ಅಷ್ಟೇ ಸಲ್ಲುವ ಮಾತು. ಅದೇ ಗ್ರಂಥದ ಅಷ್ಟಮದಗಳಲ್ಲಿ ದೇಹದ ಮದವೂ ಒಂದು ಎಂಬುದನ್ನು ವಧೂವರರ ಪರಿಚಯ ಪುಸ್ತಿಕೆಯಲ್ಲಿ ‘ಗೌರವರ್ಣ’ ಎಂದು ಅಚ್ಚು ಹಾಕಿಸುವವರು ಮರೆತಿದ್ದಾರೆ.

‘ಮಕ್ಕಳಿಗೆ ಏನು ತಿಳಿಯುತ್ತದೆ? ಕೊಲ್ಲಲಿಲ್ಲ, ಹೊಡೆಯಲಿಲ್ಲ, ಒಂದು ಮಾತು ಆಡಿದವು’ ಎಂಬುದು ಎರಡನೆಯ ಸಮರ್ಥನೆ. ಕನ್ನಡ ಜೈನರು ಹೀಗೆ ಹೇಳುವಾಗ ಜನ್ನನ ಯಶೋಧರ ಚರಿತೆಯನ್ನು ನೆನೆಯಬೇಕು. ಯಶೋಧರನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅಲ್ಲಿ ಪ್ರಾಣ ಹೋಗಲಿಲ್ಲ, ರಕ್ತ ಹರಿಯಲಿಲ್ಲ. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿದರು. ಹಿಟ್ಟಿನ ಕೋಳಿಗೆ ಎತ್ತಿದ ಕತ್ತಿಗೇ ಇಷ್ಟು ಫಲವಾದರೆ, ಜೀವಂತ ಮಗುವಿನ ಮುಖಕ್ಕೆ ಎಸೆದ ಮಾತಿಗೆ ಎಷ್ಟು? ವಿಷಾದದ ಸಂಗತಿಯೆಂದರೆ, ಅದೇ ಕಾವ್ಯವನ್ನು ಪಾಠ ಮಾಡುವಲ್ಲಿ ಮಾವುತನ ಕುರೂಪದ ವರ್ಣನೆಗೆ ತರಗತಿಯೆಲ್ಲ ನಗುತ್ತದೆ; ಹಿಟ್ಟಿನ ಕೋಳಿಯ ತಾತ್ಪರ್ಯಕ್ಕೆ ಬರುವ ಹೊತ್ತಿಗೆ ಗಂಟೆ ಬಾರಿಸಿರುತ್ತದೆ.

ಮೂರನೆಯದು ಮೂಢನಂಬಿಕೆ. ಗರ್ಭಿಣಿಯು ಗ್ರಹಣಕಾಲದಲ್ಲಿ ಚಾಕು ಹಿಡಿದರೆ ಮಗುವಿನ ತುಟಿ ಸೀಳುತ್ತದೆಂದು ಓದಿದ ಮನೆಗಳಲ್ಲಿಯೂ ಹೇಳುತ್ತಾರೆ. ಇದರಿಂದ ಮಗುವಿನ ಜೊತೆಗೆ ತಾಯಿಯೂ ಅಪರಾಧಿಯಾಗುತ್ತಾಳೆ. ವೈದ್ಯಶಾಸ್ತ್ರ ಹೇಳುವುದು ಬೇರೆ. ಭ್ರೂಣದ ಮೇಲ್ದುಟಿಯ ಭಾಗಗಳು ಕೂಡಿಕೊಳ್ಳುವುದು ಗರ್ಭದ ನಾಲ್ಕರಿಂದ ಏಳನೆಯ ವಾರದೊಳಗೆ. ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿಯೆಂಬುದು ಖಚಿತವಾಗುವ ಹೊತ್ತಿಗೆ ಆ ಕೆಲಸ ಮುಗಿಯುತ್ತ ಬಂದಿರುತ್ತದೆ. ಆ ಕೂಡುವಿಕೆ ಪೂರ್ಣವಾಗದಿದ್ದರೆ ತುಟಿ ಸೀಳಾಗಿ ಉಳಿಯುತ್ತದೆ. ಐದನೆಯ ತಿಂಗಳಲ್ಲಿ ಬಂದ ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗೆಯೇ ತೊನ್ನು ಅಂಟುರೋಗವಲ್ಲ, ಕುಷ್ಠವೂ ಅಲ್ಲ; ಚರ್ಮದಲ್ಲಿ ಬಣ್ಣ ಕೊಡುವ ಕಣಗಳು ನಾಶವಾದುದರ ಗುರುತು ಅಷ್ಟೇ. ಸಮ್ಯಗ್ದರ್ಶನಕ್ಕೆ ದೂರವಾದ ಮೂಢತೆಗಳಲ್ಲಿ ಇವನ್ನೂ ಸೇರಿಸಿ ಮಕ್ಕಳಿಗೆ ಹೇಳಿಕೊಡುವುದು ಕರ್ತವ್ಯ.

ಮರುಕವೂ ಒಮ್ಮೊಮ್ಮೆ ಗಾಯ ಮಾಡುತ್ತದೆ. ಸುಟ್ಟ ಮುಖದವರನ್ನು ಕಂಡೊಡನೆ ‘ಅಯ್ಯೋ ಪಾಪ’ ಎನ್ನುವ ರೂಢಿಯಿದೆ. ನೊಂದವರ ಎದುರಿಗೆ ಉಚ್ಚರಿಸಲು ಈ ಭಾಷೆಗೆ ಸಿಕ್ಕ ಶಬ್ದ ‘ಪಾಪ’ವೇ ಆದುದು ದುರ್ದೈವ, ಕೇಳಿದವರಿಗೆ ಅದು ಅನುಕಂಪವಾಗಿ ಕೇಳಿಸುವುದಿಲ್ಲ, ತೀರ್ಪಾಗಿ ಕೇಳಿಸುತ್ತದೆ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಲ್ಲಿ ಮೊದಲನೆಯದು ಮೈತ್ರಿ. ಅದು ಸರ್ವಜೀವಿಗಳಿಗೆ ಸಲ್ಲುವುದು. ಗುಣವಂತರಿಗೆ ಸಲ್ಲುವುದು ಪ್ರಮೋದ. ಮುಖದಲ್ಲಿ ಕಲೆಯಿರುವ ಹುಡುಗಿ ಸ್ತವನವನ್ನು ಸೊಗಸಾಗಿ ಹಾಡಿದರೆ ಅವಳಿಗೆ ಸಲ್ಲಬೇಕಾದುದು ಪ್ರಮೋದವೇ ಹೊರತು ಕಾರುಣ್ಯವಲ್ಲ. ನವಪದ ಓಳಿಯಲ್ಲಿ ವರ್ಷಕ್ಕೆ ಎರಡು ಬಾರಿ ಶ್ರೀಪಾಲನ ಚರಿತ್ರೆಯನ್ನು ಕೇಳುವವರು ಅವನ ಕುಷ್ಠ ವಾಸಿಯಾದ ಅತಿಶಯವನ್ನು ಮಾತ್ರ ನೆನಪಿಡುತ್ತಾರೆ. ಮಯಣಾಸುಂದರಿ ಅವನನ್ನು ಪತಿಯೆಂದು ಆದರಿಸಿದ್ದು ರೋಗ ವಾಸಿಯಾದ ಮೇಲಲ್ಲ, ಮೊದಲು.

ಕಾನೂನು ತನ್ನ ಹೆಜ್ಜೆ ಇಟ್ಟಿದೆ. 1999ರಲ್ಲಿ ಬೆಂಗಳೂರಿನ ಯುವತಿಯೊಬ್ಬಳ ಮೇಲೆ ಆಕೆಯ ಹಿಂದಿನ ಮಾಲೀಕ ಆಮ್ಲ ಸುರಿದ ಪ್ರಕರಣದಲ್ಲಿ 2006ರಲ್ಲಿ ಕರ್ನಾಟಕ ಹೈಕೋರ್ಟು ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2013ರಲ್ಲಿ ಆಮ್ಲದಾಳಿಯು ದಂಡಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆಮ್ಲದಾಳಿಗೆ ತುತ್ತಾದವರನ್ನೂ ಕುಷ್ಠದಿಂದ ಗುಣವಾದವರನ್ನೂ ತನ್ನ ರಕ್ಷಣೆಗೆ ತಂದುಕೊಂಡಿತು; ಅವಮಾನಪಡಿಸುವ ಉದ್ದೇಶದಿಂದ ಅಂಥವರನ್ನು ಸಾರ್ವಜನಿಕವಾಗಿ ನಿಂದಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ ಸೆರೆವಾಸವನ್ನು ಅದು ವಿಧಿಸುತ್ತದೆ. ಆದರೆ ಪೊಲೀಸು ಠಾಣೆ ಪಾಠಶಾಲೆಯ ಒಳಗೆ ಬರಲಾರದು, ಬರಬೇಕಾಗಿಯೂ ಇಲ್ಲ. ಸರ್ಕಾರ ಅಪರಾಧವೆಂದು ಗುರುತಿಸಿದ್ದನ್ನು ಅಣುವ್ರತಿಗಳ ಮನೆ ತಮಾಷೆಯೆಂದು ಕರೆಯಬಾರದು, ಅಷ್ಟೇ.

ಮನೆಯಲ್ಲಿ ಮಾಡಬೇಕಾದುದು ಕಷ್ಟದ್ದಲ್ಲ. ಉಣ್ಣಲು ಹಟ ಮಾಡುವ ಮಗುವಿಗೆ ಬೀದಿಯಲ್ಲಿ ಹೋಗುವ ಸುಟ್ಟ ಮುಖದವರನ್ನು ‘ಗುಮ್ಮ’ನೆಂದು ತೋರಿಸುವುದನ್ನು ಇಂದೇ ನಿಲ್ಲಿಸಬೇಕು. ‘ಅಮ್ಮಾ, ಅವರ ಮುಖ ಯಾಕೆ ಹಾಗಿದೆ?’ ಎಂದು ಮಗು ಗಟ್ಟಿಯಾಗಿ ಕೇಳಿದರೆ ತೊಡೆ ಚಿವುಟಿ ಎಳೆದುಕೊಂಡು ಹೋಗಬಾರದು. ಚಿವುಟಿಸಿಕೊಂಡ ಮಗು ಕಲಿಯುವುದು ದಯೆಯನ್ನಲ್ಲ; ಆ ಮುಖ ನೋಡಬಾರದ್ದು, ಆಡಬಾರದ್ದು ಎಂಬುದನ್ನು. ‘ಕೆಲವರಿಗೆ ಹುಟ್ಟಿನಿಂದ ಹಾಗಿರುತ್ತದೆ, ಕೆಲವರಿಗೆ ಬೆಂಕಿ ತಗುಲಿರುತ್ತದೆ, ಬಾ, ಜೈ ಜಿನೇಂದ್ರ ಹೇಳು’ ಎಂದು ಶಾಂತವಾಗಿ ಉತ್ತರಿಸಿದರೆ ಮಗುವಿನ ಕುತೂಹಲ ಅಲ್ಲಿಗೆ ತಣಿಯುತ್ತದೆ, ಎದುರಿನವರಿಗೂ ಗೌರವ ಸಲ್ಲುತ್ತದೆ. ಮಾತನಾಡುವಾಗ ಕಲೆಯನ್ನಲ್ಲ, ಕಣ್ಣನ್ನು ನೋಡಬೇಕೆಂದು, ಹೆಸರು ಕೇಳಿ ಆ ಹೆಸರಿನಿಂದಲೇ ಕರೆಯಬೇಕೆಂದು ಹೇಳಿಕೊಡಬೇಕು. ಆಟದಲ್ಲಿ ಒಬ್ಬನನ್ನು ಹೊರಗಿಟ್ಟರೆ ಉಳಿದವರಿಗೂ ಆಟವಿಲ್ಲವೆಂಬ ನಿಯಮ ಪ್ರತಿ ಮನೆಯ ಅಂಗಳದಲ್ಲಿರಲಿ.

ದೇವಾಲಯದ ಟ್ರಸ್ಟುಗಳ ಹೊಣೆ ಇದಕ್ಕಿಂತ ದೊಡ್ಡದು. ಮಹಾವೀರ ಜಯಂತಿಯ ಮೆರವಣಿಗೆಗೆ, ತ್ರಿಶಲಾದೇವಿಯ ಸ್ವಪ್ನದೃಶ್ಯಗಳಿಗೆ, ಪಂಚಕಲ್ಯಾಣದ ಅಷ್ಟಕುಮಾರಿಯರ ಪಾತ್ರಕ್ಕೆ ಮಕ್ಕಳನ್ನು ಮುಖಲಕ್ಷಣ ನೋಡಿ ಆರಿಸುವ ಪದ್ಧತಿಯನ್ನು ಕೈಬಿಡಬೇಕು. ಹಾಜರಿ ಮತ್ತು ಅಭ್ಯಾಸ ನೋಡಿ ಆರಿಸಬೇಕು. ಪರಿಚಯ ಸಮ್ಮೇಳನಗಳ ಅರ್ಜಿಯಿಂದ ಮೈಬಣ್ಣದ ಕಾಲಂ ತೆಗೆಯಬೇಕು. ಪಾಠಶಾಲೆಯ ಶಿಕ್ಷಕರು ನಿರ್ವಿಚಿಕಿತ್ಸೆಯ ಪಾಠವನ್ನು ಉದ್ದಾಯನನ ಕಥೆಗೆ ನಿಲ್ಲಿಸದೆ, ಆ ತರಗತಿಯ ಅಡ್ಡಹೆಸರುಗಳವರೆಗೆ ತರಬೇಕು. ಸೀಳುತುಟಿಯ ಶಸ್ತ್ರಚಿಕಿತ್ಸೆಗೆ ನೆರವು ಕೊಡುವ ನಿಧಿಗಳು ಅದರ ನಂತರ ಬೇಕಾಗುವ ಮಾತಿನ ತರಬೇತಿಗೂ ಹಣ ಎತ್ತಿಡಬೇಕು. ಟ್ರಸ್ಟಿಗಳಲ್ಲಿ ಬಹುಮಂದಿ ವ್ಯಾಪಾರಸ್ಥರೇ. ಅವರು ಮುಖದಲ್ಲಿ ಕಲೆಯಿರುವ ಒಬ್ಬರನ್ನಾದರೂ ಗೋದಾಮಿನಿಂದ ಕರೆತಂದು ಗಿರಾಕಿಯ ಮುಂದೆ ಕೂರಿಸಬೇಕು. ಸೀರೆಯ ನೇಯ್ಗೆ ಚೆನ್ನಾಗಿದ್ದರೆ ಗಿರಾಕಿ ಎದ್ದು ಹೋಗುವುದಿಲ್ಲ. ಒಬ್ಬಿಬ್ಬರು ಎದ್ದು ಹೋದರೂ, ರಾತ್ರಿಭೋಜನ ತ್ಯಾಗಕ್ಕಾಗಿ ಸಂಜೆಯ ವ್ಯಾಪಾರ ಬಿಟ್ಟು ಮನೆಗೆ ನಡೆಯುವ ಶ್ರಾವಕರಿಗೆ ಆ ನಷ್ಟ ಭಾರವಾಗಬಾರದು.

ಸಂವತ್ಸರಿಯ ದಿನ, ಕ್ಷಮಾವಾಣಿಯ ದಿನ ಊರೂರಿನ ಸರಬರಾಜುದಾರರಿಗೆಲ್ಲ ಕ್ಷಮಾಯಾಚನೆಯ ಪತ್ರಗಳು ಹೋಗುತ್ತವೆ. ಚೌರಾಸಿ ಲಕ್ಷ ಜೀವಯೋನಿಗಳ ಕ್ಷಮೆ ಕೇಳಲಾಗುತ್ತದೆ. ಬರುವ ಪರ್ವದಲ್ಲಿ ತಂದೆತಾಯಿಗಳು ಮಕ್ಕಳ ಕೈ ಹಿಡಿದು, ಅವರು ಅಡ್ಡಹೆಸರಿನಿಂದ ಕರೆದ ಆ ಸಹಪಾಠಿಯ ಮನೆಗೆ ಹೋಗಲಿ. ಮಕ್ಕಳು ಅವನ ನಿಜವಾದ ಹೆಸರು ಹಿಡಿದು ಕ್ಷಮೆ ಕೇಳಲಿ. ಲಕ್ಷಗಳ ಲೆಕ್ಕ ಆ ಒಂದರಿಂದ ಆರಂಭವಾಗಬೇಕು.