ಬೂದಿ ಮುಚ್ಚಿದ ಕೆಂಡವೋ, ಬರಿಯ ಬೂದಿಯೋ?

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ನಾಣ್ಣುಡಿಯನ್ನು ಕೇಳುತ್ತಲೇ ನಾವೆಲ್ಲರೂ ಬೆಳೆದಿದ್ದೇವೆ. ಆದರೆ ಹಿತಮಿತವಾಗಿ ಉಂಡು, ವೈದ್ಯರು ಕೊಟ್ಟ ಔಷಧವನ್ನು ತಪ್ಪದೆ ಸೇವಿಸಿಯೂ ಹೊಟ್ಟೆಯ ಸಂಕಟದಿಂದ ಬಳಲುವವರು ನಮ್ಮ ನಡುವೆ ಇದ್ದಾರೆ. ಅಂಥವರಿಗೆ ಈ ಮಾತು ಸಮಾಧಾನ ತರುವ ಬದಲು, ತಪ್ಪು ತಮ್ಮದೇ ಎಂಬ ಅಳುಕನ್ನು ತರುತ್ತದೆ. ಕರುಳಿನ ದೀರ್ಘಕಾಲದ ಉರಿಯೂತವುಳ್ಳ ಅಂಥ ಭಕ್ತರನ್ನೂ ಅವರ ಮನೆಯವರನ್ನೂ ಮನದಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಎರಡು ಬಗೆಯ ಬೇನೆಗಳ ಭೇದವನ್ನು ತಿಳಿಯೋಣ. ಅಲ್ಸರೇಟಿವ್ ಕೊಲೈಟಿಸ್ ಎಂಬುದರಲ್ಲಿ ದೊಡ್ಡಕರುಳಿನ ಒಳಪದರ ಹುಣ್ಣಾಗಿ ರಕ್ತ ಹಾಗೂ ಲೋಳೆ ಬೀಳುತ್ತವೆ. ಕ್ರೋನ್ಸ್ ಕಾಯಿಲೆಯು ಜೀರ್ಣನಾಳದ ಯಾವ ಭಾಗಕ್ಕೂ ತಗುಲಬಹುದು; ಕರುಳಿನ ಗೋಡೆಯ ಪೂರ್ಣ ದಪ್ಪವನ್ನೂ ಆವರಿಸಬಹುದು. ಇವೆರಡೂ ಉರಿಯೂತದ ಕಾಯಿಲೆಗಳು. ಐ.ಬಿ.ಎಸ್. ಇವುಗಳಿಂದ ಭಿನ್ನವಾದುದು. ಅದರಲ್ಲಿ ಕರುಳಿನ ರಚನೆ ಸರಿಯಾಗಿದ್ದು, ಅದರ ನಡೆ ಮಾತ್ರ ಕೆಟ್ಟಿರುತ್ತದೆ. ಕಣ್ಣಿಗೆ ಕಾಣುವ ಹುಣ್ಣಿಲ್ಲ. ನೋವು ಮಾತ್ರ ನಿಜವಾದುದೇ.

ಉರಿಯೂತವುಳ್ಳವರಿಗೆ ಈ ಎರಡನೆಯ ತೊಂದರೆಯೂ ಬರಬಹುದೇ? ಬರಬಹುದು. ಉರಿಯೂತ ಶಮನಗೊಂಡವರಲ್ಲಿಯೂ ಸುಮಾರು ನಾಲ್ವರಿಂದ ಮೂವರಲ್ಲೊಬ್ಬರಿಗೆ ಐ.ಬಿ.ಎಸ್.ನಂಥ ಲಕ್ಷಣಗಳು ಉಳಿಯುತ್ತವೆ. ಗಾಯ ಮಾಯ್ದ ಬಳಿಕವೂ ಕಲೆಯನ್ನು ಮುಟ್ಟಿದರೆ ಜುಮ್ಮೆನ್ನುವಂತೆ, ಉರಿಯೂತವನ್ನು ಅನುಭವಿಸಿದ ಕರುಳಿನ ನರಗಳು ಬಹುಕಾಲ ಸೂಕ್ಷ್ಮವಾಗಿಯೇ ಇರಬಲ್ಲವು. ಸ್ವಲ್ಪ ವಾಯು ತುಂಬಿದರೂ ನೋವು, ಸ್ವಲ್ಪ ಆತಂಕವಾದರೂ ಅವಸರ.

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ನಮ್ಮಲ್ಲಿಗೆ ಬಂದು, “ಡಾಕ್ಟ್ರೇ, ಬ್ಯಾನಿ ಮತ್ತ ತಿರುಗಿ ಬಂದೈತ್ರೀ” ಎಂದು ಕಣ್ಣೀರಿಟ್ಟರು. ಅವರಿಗೆ ಕೊಲೈಟಿಸ್ ಇದ್ದದ್ದು ನಿಜ. ಭೇದಿಯಾದಾಗಲೆಲ್ಲ ಹಳೆಯ ಚೀಟಿಯನ್ನು ತೋರಿಸಿ ಔಷಧದಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ತಂದು, ಒಂದೇ ವರ್ಷದಲ್ಲಿ ಮೂರು ಬಾರಿ ನುಂಗಿದ್ದರು. ಮುಖ ಬಾತುಕೊಂಡಿತ್ತು, ರಕ್ತದಲ್ಲಿ ಸಕ್ಕರೆ ಏರಿತ್ತು. ಜಾತ್ರೆಗೆ, ಮದುವೆಗೆ ಹೋಗುವುದನ್ನೇ ಬಿಟ್ಟಿದ್ದರು. ಪಂಕ್ತಿಯ ನಡುವೆ ಎದ್ದು ಹೋಗಬೇಕಾದೀತೆಂಬ ಭಯ. ನಾವು ಅವರನ್ನು ಜೀರ್ಣಾಂಗ ತಜ್ಞರಲ್ಲಿಗೆ ಕಳುಹಿಸಿದೆವು. ಕೊಲೊನೋಸ್ಕೋಪಿಯಲ್ಲಿ ಕರುಳು ಸ್ವಚ್ಛವಾಗಿತ್ತು. ತೆಗೆದ ಚೂರಿನಲ್ಲಿಯೂ ಉರಿಯೂತವಿರಲಿಲ್ಲ. ಇಲ್ಲದ ಬೆಂಕಿಯನ್ನು ಆರಿಸಲು ಅವರು ವರ್ಷವಿಡೀ ನೀರು ಸುರಿದಿದ್ದರು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಅದನ್ನು ಮಾಡಿದವರು ನಾವೇ. ಕ್ರೋನ್ಸ್ ಕಾಯಿಲೆಯುಳ್ಳ ರೈತ ಯುವಕನೊಬ್ಬ ಊಟವಾದ ಮೇಲೆ ಹೊಟ್ಟೆಯುಬ್ಬರ, ಹಿಂಡಿದಂಥ ನೋವು ಎಂದು ಬಂದ. ರಕ್ತವಿಲ್ಲ, ಜ್ವರವಿಲ್ಲ. ವಾತವೆಂದು ಬಗೆದು ಮೂರು ತಿಂಗಳು ಚೂರ್ಣವನ್ನೂ ಇಸಬಗೋಲನ್ನೂ ಕೊಟ್ಟೆವು. ಒಂದು ಸಂಜೆ ಆತ ವಾಂತಿ ಮಾಡುತ್ತ ಬಂದಾಗ ನಮ್ಮ ಕಣ್ಣು ತೆರೆಯಿತು. ಹಳೆಯ ಉರಿಯೂತದಿಂದ ಸಣ್ಣಕರುಳು ಕಿರಿದಾಗಿ, ಕಟ್ಟಿಕೊಂಡಿತ್ತು. ಕರುಳು ಕಿರಿದಾದವನಿಗೆ ನಾರನ್ನು ತಿನ್ನಿಸಿದ್ದೆವು. ಶಸ್ತ್ರಚಿಕಿತ್ಸೆಯಿಂದ ಆತ ಉಳಿದ. ಆ ಪಾಠವನ್ನು ನಾವು ಮರೆತಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ: ಕರುಳಿನ ಉರಿಯೂತ ಒಮ್ಮೆ ಬಂದವರಲ್ಲಿ, ಹೊಸ ತೊಂದರೆಗೆ ಪರೀಕ್ಷಿಸದೆ ಹೆಸರಿಡಬಾರದು. ‘ಕಾಯಿಲೆ ಮರುಕಳಿಸಿದೆ’ ಎಂದೂ ಹೇಳಬಾರದು, ‘ಏನೂ ಇಲ್ಲ, ಟೆನ್ಷನ್ ಅಷ್ಟೆ’ ಎಂದೂ ಹೇಳಬಾರದು.

ಐ.ಬಿ.ಎಸ್. ಗುರುತಿಸಲು 2016ರ ‘ರೋಮ್-4’ ಮಾನದಂಡಗಳಿವೆ. ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಅದು ಮಲವಿಸರ್ಜನೆಯೊಡನೆ ಸಂಬಂಧ ಹೊಂದಿರುವುದು, ಮಲದ ಸರದಿ ಬದಲಾಗುವುದು, ಮಲದ ರೂಪ ಬದಲಾಗುವುದು ಎಂಬ ಮೂರರಲ್ಲಿ ಎರಡಾದರೂ ಕೂಡಿರಬೇಕು. ತೊಂದರೆ ಆರಂಭವಾಗಿ 6 ತಿಂಗಳಾಗಿರಬೇಕು. ಆದರೆ ಉರಿಯೂತವೂ ಇವೇ ಲಕ್ಷಣಗಳನ್ನು ತೋರುವುದರಿಂದ, ಉರಿಯೂತದ ರೋಗಿಗಳಲ್ಲಿ ಈ ಮಾನದಂಡವೊಂದೇ ಸಾಲದು.

ಇಲ್ಲಿ ನೆರವಾಗುವುದು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ. ಕರುಳಿನಲ್ಲಿ ಉರಿಯೂತವಿದ್ದಾಗ ಅಲ್ಲಿಗೆ ಧಾವಿಸುವ ಬಿಳಿ ರಕ್ತಕಣಗಳಿಂದ ಈ ಪ್ರೋಟೀನು ಮಲಕ್ಕೆ ಸೇರುತ್ತದೆ. ಸಾಮಾನ್ಯವಾಗಿ ಗ್ರಾಂಗೆ 50 ಮೈಕ್ರೊಗ್ರಾಂಗಿಂತ ಕಡಿಮೆಯಿದ್ದರೆ ಉರಿಯೂತದ ಸಂಭವ ಕಡಿಮೆ. 250 ದಾಟಿದರೆ ಸಂಭವ ಹೆಚ್ಚು. ನಡುವಿನದಾದರೆ ಕೆಲವು ವಾರಗಳ ಬಳಿಕ ಮತ್ತೊಮ್ಮೆ ನೋಡಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಇದನ್ನು ಏರಿಸಬಲ್ಲವಾದ್ದರಿಂದ, ಮೊಣಕಾಲು ನೋವಿಗೆಂದು ನುಂಗಿದ್ದರೆ ಮುಚ್ಚಿಡದೆ ಹೇಳಬೇಕು. ಸಣ್ಣಕರುಳಿನ ಕ್ರೋನ್ಸ್ ಕಾಯಿಲೆಯಲ್ಲಿ ಈ ಅಂಕಿ ಕೆಲವೊಮ್ಮೆ ಸರಿಯಾಗಿಯೇ ಕಾಣಬಹುದು. ಆದಕಾರಣ ರಕ್ತಪರೀಕ್ಷೆ, ಸ್ಕ್ಯಾನ್, ಅಗತ್ಯವಿದ್ದಲ್ಲಿ ಕೊಲೊನೋಸ್ಕೋಪಿ, ಎಲ್ಲವನ್ನೂ ಕೂಡಿಸಿ ತಜ್ಞರು ನಿರ್ಧರಿಸಬೇಕು.

ಉರಿಯೂತವಿಲ್ಲವೆಂದು ಖಚಿತವಾದರೂ ಕೂಡಲೇ ಐ.ಬಿ.ಎಸ್. ಎನ್ನಲಾಗದು. ಅಮೀಬಾ ಮೊದಲಾದ ಸೋಂಕು, ಹಾಲಿನ ಸಕ್ಕರೆ ಅರಗದಿರುವಿಕೆ, ಸಣ್ಣಕರುಳಿನಲ್ಲಿ ಸೂಕ್ಷ್ಮಾಣುಗಳ ಅತಿವೃದ್ಧಿ ಇವನ್ನು ನೋಡಬೇಕು. ಸಣ್ಣಕರುಳಿನ ಕೊನೆಯ ಭಾಗವನ್ನು ಕತ್ತರಿಸಿ ತೆಗೆದವರಲ್ಲಿ ಪಿತ್ತರಸ ಹೀರಲ್ಪಡದೆ ದೊಡ್ಡಕರುಳಿಗಿಳಿದು ನೀರುಭೇದಿಯಾಗುತ್ತದೆ. ಅದಕ್ಕೆ ಪ್ರತ್ಯೇಕ ಔಷಧವೇ ಉಂಟು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯ ವೇಷದಲ್ಲಿ ಬರುತ್ತದೆಂಬುದನ್ನು ಮರೆಯಬಾರದು.

ನಮ್ಮ ಶಾಸ್ತ್ರಕ್ಕೆ ಈ ವಿವೇಕ ಹೊಸತಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅತಿಸಾರವನ್ನು ವಿವರಿಸುವಾಗ, ಭಯದಿಂದ ಬರುವುದನ್ನೂ ಶೋಕದಿಂದ ಬರುವುದನ್ನೂ ಪ್ರತ್ಯೇಕವಾಗಿ ಎಣಿಸಲಾಗಿದೆ. ಪಿತ್ತವು ಕೆರಳಿ ಆಗುವ ರಕ್ತಾತಿಸಾರವನ್ನು ಬೇರೆಯಾಗಿ ಹೇಳಲಾಗಿದೆ. ಆದರೂ ಎಲ್ಲವನ್ನೂ ‘ಗ್ರಹಣಿ’ ಎಂಬ ಒಂದೇ ಚೀಲಕ್ಕೆ ತುಂಬಿ, ಒಂದೇ ಕಷಾಯ ಕೊಡುವ ವೈದ್ಯರು ನಮ್ಮಲ್ಲಿದ್ದಾರೆ. ‘ಅಲೋಪತಿ ಮಾತ್ರೆ ಬಿಟ್ಟುಬಿಡಿ’ ಎನ್ನುವವರೂ ಇದ್ದಾರೆ. ಇದನ್ನು ನಾವು ಸ್ಪಷ್ಟವಾಗಿ ವಿರೋಧಿಸುತ್ತೇವೆ. ಮೆಸಲಮೀನ್ ಮುಂತಾದ ಔಷಧಗಳು ಉರಿಯೂತ ಮರುಕಳಿಸದಂತೆ ಕಾಯುತ್ತವೆ. ಸ್ಟೀರಾಯ್ಡನ್ನು ತಾವಾಗಿ ಆರಂಭಿಸುವುದು ಎಷ್ಟು ತಪ್ಪೋ, ಬಹುದಿನ ಸೇವಿಸಿ ಒಮ್ಮೆಲೇ ನಿಲ್ಲಿಸುವುದೂ ಅಷ್ಟೇ ಅಪಾಯ.

ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ತೂಕ ಇಳಿಯುವುದು, ರಕ್ತಹೀನತೆ, ವಾಂತಿಯೊಡನೆ ಹೊಟ್ಟೆಯುಬ್ಬರ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ತಜ್ಞರನ್ನು ಕಾಣಿರಿ. ಇವು ಐ.ಬಿ.ಎಸ್.ನ ಲಕ್ಷಣಗಳಲ್ಲ.

ಪರೀಕ್ಷೆಗಳು ಮುಗಿದು ಐ.ಬಿ.ಎಸ್. ಎಂದೇ ನಿಶ್ಚಯವಾದರೆ, ಅದನ್ನು ಕಡೆಗಣಿಸದೆ ಚಿಕಿತ್ಸೆ ಕೊಡಿಸಿರಿ. ಈರುಳ್ಳಿ, ಗೋಧಿ, ಕಡಲೆಯಂಥವುಗಳಲ್ಲಿ ಯಾವುದು ಒಗ್ಗದೆಂದು ವೈದ್ಯರ ಸಲಹೆಯಂತೆ ಕಂಡುಕೊಳ್ಳುವುದು, ಸಕಾಲದ ಊಟ ನಿದ್ರೆ, ಮನಸ್ಸಿನ ಭಾರವನ್ನು ಹಂಚಿಕೊಳ್ಳುವುದು, ತಕ್ಕ ಔಷಧ, ಇವುಗಳಿಂದ ಬಹಳ ಜನ ಸುಧಾರಿಸುತ್ತಾರೆ. ಮೇಲೆ ಹೇಳಿದ ಆ ತಾಯಿ ಉರಿಯೂತದ ಮಾತ್ರೆಯನ್ನು ಬಿಡದೆ, ಸ್ಟೀರಾಯ್ಡಿನಿಂದ ದೂರವಿದ್ದು, ಕಳೆದ ಜಾತ್ರೆಯಲ್ಲಿ ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದರು. ಮನೆಯವರಲ್ಲಿ ನಮ್ಮ ವಿನಂತಿ ಒಂದೇ. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಅವರ ನೋವನ್ನು ಸುಳ್ಳೆನ್ನಬೇಡಿ.