ಒಂದೇ ಭೇಟಿಯಲ್ಲಿ ತೀರ್ಮಾನವಿಲ್ಲ

“ಮಗನು ಒಂದೆಡೆ ಕೂರುವವನಲ್ಲ, ಹಿಡಿದ ಕೆಲಸ ಮುಗಿಸುವವನಲ್ಲ. ವೈದ್ಯರು ಪ್ರಶ್ನಾವಳಿ ಕೊಟ್ಟು ಮತ್ತೆ ಬರಹೇಳಿದ್ದಾರೆ. ಇಷ್ಟು ತಡವೇಕೆ?” ಎಂದು ತಾಯಿಯೊಬ್ಬರು ಕೇಳಿದ್ದಾರೆ.

ಸೋದರಿ, ತಮ್ಮ ಕಳವಳ ಸಹಜವೇ. ಆದರೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ರಕ್ತಪರೀಕ್ಷೆಯಿಂದಾಗಲಿ ಮಿದುಳಿನ ಸ್ಕ್ಯಾನಿನಿಂದಾಗಲಿ ಗೊತ್ತಾಗುವಂಥದಲ್ಲ. 2013ರ ಡಿಎಸ್‌ಎಂ-5 ಕೈಪಿಡಿಯಂತೆ ಲಕ್ಷಣಗಳು ಕನಿಷ್ಠ 6 ತಿಂಗಳು ಉಳಿದಿರಬೇಕು. ಅವುಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು. ಅದೂ ಮನೆ, ಶಾಲೆ ಹೀಗೆ ಎರಡು ಕಡೆಯಾದರೂ. ಆದುದರಿಂದಲೇ ತಂದೆತಾಯಿಯರೊಡನೆ ದೀರ್ಘವಾದ ಮಾತುಕತೆ, ಉಪಾಧ್ಯಾಯರಿಗೂ ಪ್ರಶ್ನಾವಳಿ. ಕಿವಿ ಕಣ್ಣುಗಳ ದೋಷ, ನಿದ್ರೆಯ ಕೊರತೆ, ಮನದ ಭಯ, ಓದುಬರಹದ ತೊಡಕು ಇವೂ ಇದೇ ವೇಷದಲ್ಲಿ ಬರುವುದುಂಟು, ಅವನ್ನೂ ಪರಿಶೀಲಿಸಬೇಕು. ವೈದ್ಯರೆದುರು ಹುಡುಗನು ಅರ್ಧ ಗಂಟೆ ಸುಮ್ಮನೆ ಕುಳಿತನೆಂದು ತೊಂದರೆಯೇ ಇಲ್ಲವೆನ್ನಲಾಗದು. ಹೊಸ ಜಾಗ ಎಂಥ ತುಂಟನನ್ನೂ ಕೊಂಚ ಹೊತ್ತು ಕಟ್ಟಿಹಾಕೀತು.

ಹೋಗುವಾಗ ಹಿಂದಿನ ವರ್ಷಗಳ ಅಂಕಪಟ್ಟಿ, ಶಾಲೆಯ ದಿನಚರಿ, ಮನೆಯಲ್ಲಿ ತಾವು ಕಂಡುದರ ಟಿಪ್ಪಣಿ ಇವನ್ನು ಒಯ್ಯಿರಿ. ಕಾಲವನ್ನೂ ನೋಡಿಕೊಳ್ಳಿ. ಬೇಸಿಗೆ ರಜೆಯಲ್ಲಿ ಉಪಾಧ್ಯಾಯರು ಸಿಗರು. ಜೂನ್‌ನಲ್ಲಿ ಹೊಸ ತರಗತಿಯವರು ಹುಡುಗನನ್ನು ಇನ್ನೂ ಅರಿಯರು. ಅವನನ್ನು ಬಲ್ಲವರಿಂದ ರಜೆಗೆ ಮೊದಲೇ ಬರೆಸಿಕೊಳ್ಳುವುದು ಲೇಸು.

ಕಾಯುವ ಈ ದಿನಗಳಲ್ಲಿ ಬೆತ್ತ ಮಾತ್ರ ಅಟ್ಟ ಸೇರಲಿ. ಹುಡುಗನು ಮಾಡಲೊಲ್ಲನೋ, ಮಾಡಲಾರನೋ ಎಂಬುದೇ ಇನ್ನೂ ಇತ್ಯರ್ಥವಾಗಬೇಕಾದ ಪ್ರಶ್ನೆಯಲ್ಲವೇ?